ಮಾವನ ಗಲ್ಲಾ ಮತ್ತು ಒಂದು ಪದ

ಐರೋಲಿಯಲ್ಲಿರುವ ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಒಂದು ತರಬೇತಿ ನಡೆಯುತ್ತದೆ. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯಲು ಬಂದ 2013ರ ಕಾಯ್ದೆಯ ಬಗ್ಗೆ. ಕೊನೆಯಲ್ಲಿ ಸಮೋಸ, ಚಹಾ ಇರುವುದರಿಂದ ಹಾಜರಾತಿಗೇನೂ ಕೊರತೆಯಿಲ್ಲ. ಈ ಸಲ ಬಂದಿದ್ದ ವಕೀಲೆ ಒಂದು ಕಲ್ಪಿತ ಪ್ರಕರಣ ಹೇಳಿದರು. ಒಬ್ಬ ಹಿರಿಯ ಅಧಿಕಾರಿ ಇದ್ದಾನೆ. ಅವನ ಮೇಜಿನ ಮುಂದೆ ಒಬ್ಬ ಹುಡುಗಿ ಹಾದುಹೋದಾಗಲೆಲ್ಲ ಫೋನಿನಲ್ಲಿ ಅದೇ ಒಂದು ಹಳೆಯ ಹಿಂದಿ ಹಾಡು ಹಾಕುತ್ತಾನೆ. ಮೂರು ತಿಂಗಳಿಂದ ಹೀಗೇ. ಮಾತಿಲ್ಲ, ಮುಟ್ಟುವುದಿಲ್ಲ. ಹಾಡೂ ಒಳ್ಳೆಯದೇ, ರೇಡಿಯೋದಲ್ಲಿ ಮನೆಮಂದಿಯೆಲ್ಲ ಕೂತು ಕೇಳುವಂಥದ್ದು. ಇದು ಕಿರುಕುಳವೇ?

ನನ್ನ ಪಕ್ಕದಲ್ಲಿದ್ದ ಮರಾಠಿ ಸಹೋದ್ಯೋಗಿ, ನಿಜಕ್ಕೂ ಸಜ್ಜನ, ತಟ್ಟನೆ ಕೇಳಿದ: "ಯಾತ್ ಅಶ್ಲೀಲ್ ಕಾಯ್ ಆಹೇ?" ಇದರಲ್ಲಿ ಅಶ್ಲೀಲ ಏನಿದೆ ಎಂದು. ಹಿಂದಿಯವರಿಗೆ ಅರ್ಥವಾಯಿತು, ಗುಜರಾತಿಗಳಿಗೆ ಅರ್ಥವಾಯಿತು, ನನಗೂ ಅರ್ಥವಾಯಿತು. ಮುಂಬಯಿಯ ಯಾವ ಮೇಜಿನ ಮೇಲಿಟ್ಟರೂ ಅನುವಾದ ಬೇಡದ ಪದಗಳಲ್ಲಿ ಇದೊಂದು. ವಕೀಲೆ ಮಾತ್ರ ನಕ್ಕರು. "ಕಿರುಕುಳ ಅಂದರೇನು ಅಂತ ಕಾಯ್ದೆ ಹೇಳುವಲ್ಲಿ ನಿಮ್ಮ ಆ ಪದವೇ ಇಲ್ಲ. ಅಲ್ಲಿರುವುದು ಅವಳಿಗೆ ಬೇಡವಾದದ್ದು ಎಂಬ ಮಾತು" ಎಂದರು. ಸಜ್ಜನನಿಗೆ ಸಮಾಧಾನವಾಗಲಿಲ್ಲ. ಹಾಡಿನಲ್ಲಿ ಕೆಟ್ಟ ಪದವೊಂದೂ ಇಲ್ಲವಲ್ಲ ಎಂದು ಸಮೋಸ ಮುಗಿಯುವವರೆಗೂ ಹೇಳುತ್ತಲೇ ಇದ್ದ.

ಸಂಜೆ ಠಾಣೆಯ ಗಾಡಿಯಲ್ಲಿ ನಿಂತುಕೊಂಡು ಬರುವಾಗ ನನಗೆ ನೆನಪಾದದ್ದು ಆ ಪದವನ್ನು ನಾನೇ ಒಬ್ಬರ ಮೇಲೆ ಎಸೆದ ದಿನ. 2005ರ ಜುಲೈ. ಎಸೆದದ್ದು ನನ್ನ ಸೋದರಮಾವನ ಮೇಲೆ.

ಮಾವ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವರು. ದಾದರಿನ ಒಂದು ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮಾಣಿಯಾಗಿ, ಸಪ್ಲಾಯರ್ ಆಗಿ, ಕೊನೆಗೆ ಘಾಟ್ಕೋಪರಿನ ಕಡೆಯ ಒಂದು ಬಾರಿನಲ್ಲಿ ಗಲ್ಲಾದ ಮೇಲೆ ಕೂತರು. ಅದು ಡಾನ್ಸ್ ಬಾರು. ಊರಿನಲ್ಲಿ ಮಾತ್ರ "ಹೋಟ್ಲಲ್ಲಿ ಕ್ಯಾಶಿಯರ್" ಅಂತಲೇ ಹೇಳುತ್ತಿದ್ದರು. ಸುಳ್ಳೇನಲ್ಲ, ಪೂರ್ತಿ ಸತ್ಯವೂ ಅಲ್ಲ. 1999ರಲ್ಲಿ ನಾನು ಓದಲು ಬಂದು ಕಳವಾದಲ್ಲಿದ್ದ ಅವರ ಒಂದು ಕೋಣೆಯ ಮನೆಯಲ್ಲಿ ಉಳಿದೆ. ಅತ್ತೆ, ಇಬ್ಬರು ಮಕ್ಕಳು, ನಾನು. ಕಾಲೇಜಿನ ಫೀಸು ಮಾವ ಕೊಟ್ಟರು. ಅದು ಎಲ್ಲಿಂದ ಬರುತ್ತದೆ ಎಂಬುದು ಎರಡನೇ ವರ್ಷದಲ್ಲಿ ಗೊತ್ತಾಯಿತು. ಗೊತ್ತಾದ ಮೇಲೂ ಮೂರನೇ ವರ್ಷದ ಫೀಸು ತೆಗೆದುಕೊಂಡೆ.

2005ರ ಜುಲೈಯಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಡಾನ್ಸ್ ಬಾರುಗಳನ್ನು ನಿಷೇಧಿಸುವ ತಿದ್ದುಪಡಿಯನ್ನು ಒಪ್ಪಿತು. ಗೃಹಮಂತ್ರಿ ಆರ್. ಆರ್. ಪಾಟೀಲರು ಟಿವಿಯಲ್ಲಿ ಮಾತಾಡುತ್ತಿದ್ದರು. ಕೆಲಸ ಹೋದರೆ ಗತಿಯೇನು ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಆಗಷ್ಟೇ ಅಂಧೇರಿಯಲ್ಲಿ ಕೆಲಸ ಸಿಕ್ಕಿತ್ತು, ಇಪ್ಪತ್ತಮೂರು ವರ್ಷ, ಕೈಯಲ್ಲಿ ಮೊದಲ ಸಂಬಳ. "ಹೋಗ್ಲಿ ಬಿಡಿ ಮಾವ, ಆ ಅಶ್ಲೀಲ ದುಡ್ಡು ನಮಗ್ಯಾಕೆ" ಅಂದೆ. ಮಾವ ಏನೂ ಹೇಳಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಮುಗಿಸಿ ಕೈ ತೊಳೆದರು. ಅದಾಗಿ ಕೆಲವೇ ದಿನಕ್ಕೆ 26ರ ಮಹಾಮಳೆ ಬಂತು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ಊರೆಲ್ಲ ಮುಳುಗಿದ್ದರಿಂದ ನನ್ನ ಮಾತೂ ಅದರಲ್ಲಿ ಮುಳುಗಿತು ಎಂದುಕೊಂಡಿದ್ದೆ. ಮಾವ ಮಾರನೆಯ ದಿನ ಸೊಂಟದವರೆಗಿನ ನೀರಿನಲ್ಲಿ ನಡೆದು ಮನೆಗೆ ಬಂದರು. ಆ ಮಾತಿನ ಸುದ್ದಿ ಇಬ್ಬರೂ ಎತ್ತಲಿಲ್ಲ, ಇಪ್ಪತ್ತು ವರ್ಷ.

ನನ್ನ ಸಹೋದ್ಯೋಗಿ ಆ ಪದದಿಂದ ಒಬ್ಬ ಅಧಿಕಾರಿಯನ್ನು ಬಿಡಿಸುತ್ತಿದ್ದ, ನಾನು ಅದೇ ಪದದಿಂದ ಒಬ್ಬ ಗುಮಾಸ್ತನನ್ನು ಕಟ್ಟಿಹಾಕಿದ್ದೆ. ಇಬ್ಬರ ಕೈಯಲ್ಲೂ ಅದು ಸಲೀಸಾಗಿಯೇ ಕೆಲಸ ಮಾಡಿತು. ಹಾಗಾದರೆ ಅದರ ಅರ್ಥವೇನು?

ಪದದ ಬುಡದಲ್ಲಿರುವುದು ಶ್ರೀ. ವೇದದ ಭಾಷೆಯಲ್ಲಿ ಅಶ್ರೀರ ಎಂಬ ರೂಪ ಸಿಗುತ್ತದೆ. ರಕಾರ ಲಕಾರವಾಗಿ ಅಶ್ಲೀಲವಾಯಿತು. ಶ್ರೀ ಇಲ್ಲದ್ದು, ಅಂದರೆ ಕಾಂತಿ ಇಲ್ಲದ್ದು, ಸೊಬಗಿಲ್ಲದ್ದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಳೆ ಇಲ್ಲದ್ದು. "ಮುಖದಲ್ಲಿ ಕಳೆಯೇ ಇಲ್ಲ" ಎಂದು ಅಜ್ಜಿ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದು. ಋಗ್ವೇದದಲ್ಲಿ ಹಸುಗಳನ್ನು ಹೊಗಳುವ ಒಂದು ಸೂಕ್ತವಿದೆ. ಅಶ್ರೀರನಾದವನನ್ನೂ ಹಸುಗಳು ಚಂದ ಮಾಡುತ್ತವೆ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಹಾಲು ಕುಡಿದು ಮೈತುಂಬಿಕೊಂಡವನಿಗೆ ಆ ಹೆಸರು ಸಲ್ಲುವುದಿಲ್ಲ ಎಂದಾಯಿತು. ಹೊಟ್ಟೆಗಿಲ್ಲದೆ ಸೊರಗಿದ ಮೈಗೆ ಇದ್ದ ಪದ ಇದು, ಬಟ್ಟೆಯಿಲ್ಲದ ಮೈಗೆ ಇದ್ದದ್ದಲ್ಲ.

ಆಮೇಲೆ ಕಾವ್ಯಮೀಮಾಂಸಕರು ಇದನ್ನು ಹಿಡಿದುಕೊಂಡರು. ವಾಮನನಲ್ಲಿ, ಮಮ್ಮಟನಲ್ಲಿ ಅಶ್ಲೀಲ ಒಂದು ಕಾವ್ಯದೋಷ. ಅದಕ್ಕೆ ಮೂರು ಬಗೆ: ನಾಚಿಕೆ ಹುಟ್ಟಿಸುವುದು, ಹೇಸಿಗೆ ಹುಟ್ಟಿಸುವುದು, ಅಮಂಗಳವನ್ನು ನೆನಪಿಸುವುದು. ಮೂರನೆಯದನ್ನು ನೋಡಿ. ಸಾವನ್ನು ಸೂಚಿಸುವ ಮಾತು ತಪ್ಪು ಜಾಗದಲ್ಲಿ ಬಂದರೆ ಅದೂ ಅಶ್ಲೀಲವೇ. ಇದು ನಮಗೆ ಹೊಸದಾಗಿ ಕಂಡರೂ ನಮ್ಮ ಮನೆಗಳಲ್ಲಿ ಇನ್ನೂ ಬದುಕಿದೆ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತೇವೆ. ನಮ್ಮ ಮಹಡಿಯ ಮರಾಠಿ ಅಜ್ಜಿ ಬಳೆ ಒಡೆದರೆ 'ವಾಢವಲಿ' ಅನ್ನುತ್ತಾರೆ, ಹೆಚ್ಚಿಸಿದೆ ಎಂದು. ಇಷ್ಟಾಗಿಯೂ ಅದು ಬರಿಯ ದೋಷ. ಕವಿಯನ್ನು ಯಾರೂ ಠಾಣೆಗೆ ಎಳೆಯುತ್ತಿರಲಿಲ್ಲ. ಸಂದರ್ಭ ಬದಲಾದರೆ ಅದೇ ದೋಷ ಗುಣವೂ ಆಗಬಹುದು ಎಂದು ಮಮ್ಮಟನೇ ಬಾಗಿಲು ತೆರೆದಿಟ್ಟಿದ್ದಾನೆ.

ಠಾಣೆಗೆ ಎಳೆಯುವ ಕೆಲಸ ಬಂದದ್ದು 1860ರ ದಂಡಸಂಹಿತೆಯ ಜೊತೆಗೆ. ಆ ಸಂಹಿತೆಯ ಇಂಗ್ಲಿಷ್ ಪದಕ್ಕೆ ನಾವು ಹಳೆಯ ಅಶ್ಲೀಲವನ್ನು ತಂದು ಕೂರಿಸಿದೆವು. ಮೂರರಲ್ಲಿ ಒಂದೇ ಉಳಿಯಿತು, ನಾಚಿಕೆಯದ್ದು. ಅದರಲ್ಲೂ ಮೈಯ ನಾಚಿಕೆ. ಈ ಪದದ ಕಾನೂನಿನ ಚರಿತ್ರೆಯಲ್ಲಿ ನಮ್ಮ ಮುಂಬಯಿಗೆ ದೊಡ್ಡ ಪಾಲಿದೆ. ರಘುನಾಥ ಧೋಂಡೋ ಕರ್ವೆ 1927ರಿಂದ ಇಲ್ಲಿ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ನಡೆಸಿದರು. ಸಂತಾನ ನಿಯಂತ್ರಣ, ಲೈಂಗಿಕ ಆರೋಗ್ಯ ಅದರ ವಿಷಯ. ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಅಶ್ಲೀಲವೆಂದು 1934ರಲ್ಲಿ ಮೊಕದ್ದಮೆ ಹೂಡಿದಾಗ ಅವರ ಪರ ನಿಂತ ವಕೀಲರು ಡಾ. ಅಂಬೇಡ್ಕರ್. ಮೊಕದ್ದಮೆ ಸೋತಿತು, ಕರ್ವೆ ದಂಡ ತೆತ್ತರು, ಪತ್ರಿಕೆ ಮಾತ್ರ 1953ರಲ್ಲಿ ಅವರು ತೀರಿಕೊಳ್ಳುವವರೆಗೆ ನಡೆಯಿತು. 1959ರಲ್ಲಿ ರಂಜಿತ್ ಉದೇಶಿ ಎಂಬ ಪುಸ್ತಕದ ಅಂಗಡಿಯ ಪಾಲುದಾರ ಲಾರೆನ್ಸನ 'ಲೇಡಿ ಚಾಟರ್ಲೀಸ್ ಲವರ್' ಮಾರಿ ಸಿಕ್ಕಿಬಿದ್ದರು. ಕೊಂಡವನು ಪೊಲೀಸರೇ ಕಳುಹಿಸಿದ ನಕಲಿ ಗಿರಾಕಿ. ಶಿಕ್ಷೆ 20 ರೂಪಾಯಿ ದಂಡ. ಆ ಇಪ್ಪತ್ತು ರೂಪಾಯಿಯ ಹಿಂದೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1964ರಲ್ಲಿ ಅಲ್ಲೂ ಸೋತರು. ಕೆಟ್ಟ ಪ್ರಭಾವಕ್ಕೆ ಈಡಾಗಬಲ್ಲ ಮನಸ್ಸುಗಳನ್ನು ಇದು ಕೆಡಿಸೀತೇ ಎಂಬ 1868ರ ಇಂಗ್ಲೆಂಡಿನ ಅಳತೆಗೋಲಿನಿಂದಲೇ ನ್ಯಾಯಾಲಯ ಪುಸ್ತಕವನ್ನು ಅಳೆಯಿತು. ಆ ಕೋಲನ್ನು ಸುಪ್ರೀಂ ಕೋರ್ಟ್ ಪಕ್ಕಕ್ಕಿಟ್ಟದ್ದು 2014ರಲ್ಲಿ. ನಮ್ಮಲ್ಲಿ ಅ.ನ.ಕೃ. ವೇಶ್ಯೆಯರ ಬದುಕಿನ ಮೇಲೆ ಬರೆದ ಕಾದಂಬರಿಗಳ ಬಗ್ಗೆ ಎದ್ದ ಗಲಾಟೆಯೂ ಇದೇ ಜಾತಿಯದ್ದು. ಅವರು ಸಮರ್ಥನೆಗೆ ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಪುಸ್ತಕಗಳ ವಿಷಯ ಬಿಡಿ, ಅವುಗಳ ಪರವಾಗಿ ಮಾತಾಡುವವರು ಯಾವಾಗಲೂ ಸಿಗುತ್ತಾರೆ. ನನ್ನನ್ನು ಕಾಡುವುದು ಬಾರಿನದ್ದು.

2005ರ ತಿದ್ದುಪಡಿ ಬಾರುಗಳಲ್ಲಿ ಕುಣಿತವನ್ನು ನಿಷೇಧಿಸಿತು, ಆದರೆ ಮೂರು ನಕ್ಷತ್ರ ಮತ್ತು ಮೇಲಿನ ಹೋಟೆಲುಗಳನ್ನು, ಜಿಮ್ಖಾನಾಗಳನ್ನು, ನಾಟಕಗೃಹಗಳನ್ನು ಬಿಟ್ಟಿತು. ಹಾಡು ಅದೇ, ಹೆಜ್ಜೆ ಅದೇ. ಅದೇ ಹಾಡಿಗೆ ನಮ್ಮವರ ಮದುವೆ ಆರತಕ್ಷತೆಗಳಲ್ಲಿ ಮಾವಂದಿರೂ ಅತ್ತೆಯಂದಿರೂ ಕುಣಿಯುತ್ತಾರೆ. ಘಾಟ್ಕೋಪರಿನಲ್ಲಿ ಅಶ್ಲೀಲವಾದದ್ದು ಜುಹೂವಿನ ದೊಡ್ಡ ಹೋಟೆಲಿನಲ್ಲಿ ಮನರಂಜನೆ. ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಮುಂದಿದ್ದದ್ದು ಹೋಟೆಲು ಮಾಲೀಕರ ಸಂಘ 'ಆಹಾರ್'. ನಮ್ಮ ಕರಾವಳಿಯ ಶೆಟ್ಟರು ಅಲ್ಲಿ ಬಹಳ ಮಂದಿ. ಬಾರ್ ಹುಡುಗಿಯರ ಸಂಘಟನೆಯೂ, ಸ್ತ್ರೀವಾದಿ ಗುಂಪುಗಳೂ ಹೋದವು. 2006ರಲ್ಲಿ ಬಾಂಬೆ ಹೈಕೋರ್ಟು ನಿಷೇಧವನ್ನು ತಳ್ಳಿಹಾಕಿತು, 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶ್ರೀಮಂತರ ಜಾಗದಲ್ಲಿ ನೀತಿ ಕೆಡದ ಕುಣಿತ ಬಡವರ ಜಾಗದಲ್ಲಿ ಹೇಗೆ ಕೆಡಿಸುತ್ತದೆ ಎಂಬುದು ಅಲ್ಲಿನ ಮುಖ್ಯ ತಕರಾರು. ಸರ್ಕಾರ 2014ರಲ್ಲಿ ಮತ್ತೆ ನಿಷೇಧಿಸಿತು, 2016ರಲ್ಲಿ ಹೊಸ ಕಾಯ್ದೆಯನ್ನೇ ತಂದಿತು. ಅದರ ಹೆಸರಿನಲ್ಲೇ ಈ ಪದವಿದೆ: ಅಶ್ಲೀಲ ನೃತ್ಯ ನಿಷೇಧ ಮತ್ತು ಅಲ್ಲಿ ದುಡಿಯುವ ಹೆಂಗಸರ ಘನತೆಯ ರಕ್ಷಣೆ. ಒಂದೇ ಉಸಿರಿನಲ್ಲಿ ಕುಣಿತಕ್ಕೆ ಆ ಹೆಸರಿಟ್ಟು, ಕುಣಿಯುವವಳಿಗೆ ಘನತೆಯನ್ನೂ ಕೊಟ್ಟಾಯಿತು.

ಹಳೆಯ ಸಂಹಿತೆಯ 294ನೇ ಕಲಮು, ಈಗಿನ ನ್ಯಾಯಸಂಹಿತೆಯ 296, ಸಾರ್ವಜನಿಕ ಜಾಗದಲ್ಲಿ ಅಶ್ಲೀಲವಾಗಿ ವರ್ತಿಸುವುದರ ಬಗ್ಗೆ. ಅದರಲ್ಲಿ ಒಂದು ಷರತ್ತಿದೆ: ಅದರಿಂದ ಇತರರಿಗೆ ಕಿರಿಕಿರಿಯಾಗಿರಬೇಕು. ದುಡ್ಡು ಕೊಟ್ಟು, ಕುರ್ಚಿ ಎಳೆದುಕೊಂಡು ಕೂತವನಿಗೆ ಯಾವ ಕಿರಿಕಿರಿ? ಹಾಗಿದ್ದರೆ ಕಿರಿಕಿರಿಯಾದದ್ದು ಯಾರಿಗೆ? ನನಗೆ. ಕಳವಾದ ಮನೆಯಲ್ಲಿ ಕೂತಿದ್ದ, ಆ ಬಾರನ್ನು ಒಮ್ಮೆಯೂ ನೋಡದ, ಅದರ ದುಡ್ಡಿನಲ್ಲಿ ಪದವಿ ಪಡೆದ ನನಗೆ. ಅಂದರೆ ಅಲ್ಲಿ ನಾಚಿಕೆಯೇನೋ ಇತ್ತು, ಅದು ನನ್ನದಾಗಿತ್ತು. ಅದನ್ನು ಹೊರಲಾರದೆ ಮಾವನ ತಲೆಗೆ, ಅವರ ಮೂಲಕ ನಾನು ಕಾಣದ ಹೆಂಗಸರ ಮೈಗೆ ದಾಟಿಸಿದೆ. ಆ ಪದ ಇರುವುದೇ ಈ ಸಾಗಾಣಿಕೆಗೆ ಎಂದು ಈಗ ಒಮ್ಮೊಮ್ಮೆ ಅನಿಸುತ್ತದೆ.

ಇದು ಬಾರಿಗಷ್ಟೇ ಅನ್ವಯಿಸುವ ಮಾತಲ್ಲ. ಒಬ್ಬ ಹುಡುಗಿಯ ಖಾಸಗಿ ಚಿತ್ರವನ್ನು ಅವಳ ಹಳೆಯ ಗೆಳೆಯ ಹಂಚುತ್ತಾನೆ. ನಮ್ಮ ಐಟಿ ಕಾಯ್ದೆಯ 67ನೇ ಕಲಮಿನ ಕೆಳಗೆ ದೂರು ಬರೆದರೆ, ಅವನು ಅಶ್ಲೀಲ ವಸ್ತುವನ್ನು ಹರಡಿದ ಎಂದಾಗುತ್ತದೆ. ಆ ವಸ್ತು ಯಾವುದು? ಅವಳ ಮೈ. ಅವಳಿಗೆ ನ್ಯಾಯ ಕೊಡಿಸಲು ಮೊದಲು ಅವಳ ಮೈಯನ್ನೇ ಅಶ್ಲೀಲ ಎಂದು ಬರೆದುಕೊಡಬೇಕು. ಅದೇ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಇ ಎಂಬ ಕಲಮು ಬೇರೆ ದಾರಿ ಹಿಡಿಯುತ್ತದೆ. ಒಪ್ಪಿಗೆ ಇತ್ತೇ ಎಂದು ಅದು ಕೇಳುತ್ತದೆ. ಚಿತ್ರ ಕೊಳಕೋ ಅಲ್ಲವೋ ಎಂಬ ಗೊಡವೆಗೆ ಹೋಗುವುದಿಲ್ಲ. ಎರಡನ್ನೂ ಬರೆಯಬಹುದು, ಬರೆಯುತ್ತಾರೆ. ಆದರೆ ನಮ್ಮ ಬಾಯಿಗೆ, ನಮ್ಮ ಪತ್ರಿಕೆಗಳ ತಲೆಬರಹಕ್ಕೆ ಮೊದಲು ಬರುವುದು ಯಾವುದೆಂದು ಗಮನಿಸಿ: 'ಯುವತಿಯ ಅಶ್ಲೀಲ ವಿಡಿಯೋ ವೈರಲ್.'

ಹಾಗೆಂದು ಪದವನ್ನೇ ಬಿಟ್ಟುಬಿಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಮಮ್ಮಟನ ಆ ಇನ್ನೆರಡು ಬಗೆಗಳನ್ನು ಅದಕ್ಕೆ ತಿರುಗಿ ಕೊಟ್ಟರೆ ಹೇಗೆ ಎಂದು ಯೋಚಿಸುತ್ತೇನೆ. ಹೇಸಿಗೆಯದ್ದು ಮತ್ತು ಅಮಂಗಳದ್ದು. ಗಾಡಿಯ ಕೆಳಗೆ ಸಿಕ್ಕವನ ಸುತ್ತ ನಿಂತು ಫೋನು ಎತ್ತಿ ಹಿಡಿಯುತ್ತಾರಲ್ಲ, ಕುರ್ಲಾದಲ್ಲಿ ಒಮ್ಮೆ ಕಂಡೆ, ಅದಕ್ಕೆ ಬೇರೆ ಯಾವ ಹೆಸರಿದೆ? ಮೈಗೆ ಬಟ್ಟೆ ಇತ್ತೋ ಇಲ್ಲವೋ ಅಲ್ಲಿ ಪ್ರಶ್ನೆಯೇ ಅಲ್ಲ. ಆದರೂ ಅದನ್ನು ಅಶ್ಲೀಲ ಅನ್ನಲು ನಾಲಿಗೆ ತಡೆಯುತ್ತದೆ. ಅಷ್ಟು ಬಲವಾಗಿ ಆ ಪದವನ್ನು ನಾವು ಸೊಂಟಕ್ಕೆ ಕಟ್ಟಿಬಿಟ್ಟಿದ್ದೇವೆ.

ಕಳೆದ ಭಾನುವಾರ ಮಾವನಿಗೆ ಫೋನು ಮಾಡಿದೆ. ಅವರೀಗ ಊರಲ್ಲಿದ್ದಾರೆ, ತೆಂಗು, ನಾಲ್ಕು ಕಾಳುಮೆಣಸಿನ ಬಳ್ಳಿ, ಸಕ್ಕರೆ ಕಾಯಿಲೆ. ಮಳೆ, ಅತ್ತೆಯ ಮಂಡಿನೋವು ಎಲ್ಲ ಆದ ಮೇಲೆ ಕೇಳಿದೆ: "ಮಾವ, ಅವತ್ತು ನಾನೊಂದು ಮಾತು ಹೇಳಿದ್ದೆ. ನೆನಪಿದೆಯಾ?" ನೆನಪಿತ್ತು. ಇಪ್ಪತ್ತು ವರ್ಷ ನೆನಪಿಟ್ಟುಕೊಂಡಿದ್ದರು. "ನೀ ಚಿಕ್ಕವ್ಳ್ ಆಗಿದ್ದೆ" ಎಂದರು. ತಪ್ಪಾಯಿತು ಅಂದೆ. ಅದಕ್ಕೆ ಹೂಂ ಅಂದರು ಅಷ್ಟೇ. ಆಮೇಲೆ ನಾನೇ ಸುಮ್ಮನಿರಲಾರದೆ, ನಿಮಗೆ ಅದು ಹಾಗೆ ಅನಿಸಿತ್ತಾ ಎಂದು ಕೇಳಿಬಿಟ್ಟೆ.

"ಅಶ್ಲೀಲವಾ? ನಂಗೊತ್ತಿಲ್ಲ ಮಗಾ. ನಾ ಕೂತದ್ದ್ ಗಲ್ಲಾದಲ್ಲಿ. ಕುಣ್ತ ದಿನಾ ಕಂಡ್ರೆ ಅದೊಂದ್ ಕೆಲ್ಸ, ಅಷ್ಟೇ. ನಂಗ್ ಕಾಂಬುಕಾಗ್ದಿದ್ದದ್ದ್ ನೋಟ್."

ಗಿರಾಕಿಗಳು ಹತ್ತರ ನೋಟಿನ ಕಟ್ಟು ಬಿಚ್ಚಿ ಎರಚುತ್ತಿದ್ದರಂತೆ. ನೆಲದ ಮೇಲೆಲ್ಲ ನೋಟು. ಅದರ ಮೇಲೇ ಕುಣಿಯಬೇಕು, ನಿಲ್ಲಿಸುವಂತಿಲ್ಲ. ಲಕ್ಷ್ಮಿಯನ್ನು ಕಾಲಲ್ಲಿ ಮೆಟ್ಟಬಾರದು ಎಂದು ಕಲಿತೇ ಬಂದವರು ಅವರೂ. ಒಬ್ಬಳು ದಿನಾ ಶುರುಮಾಡುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಮುಗಿದ ಮೇಲೆ ಆರಿಸಿಕೊಂಡ ಮೊದಲ ನೋಟನ್ನೂ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. "ಬಿಸಾಡುದ್ ಅವ. ಮೆಟ್ಟಿದ್ ಪಾಪ ಇವ್ಳಿಗೆ" ಎಂದರು ಮಾವ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು 2016ರ ಕಾಯ್ದೆಯ ಹಲವು ಷರತ್ತುಗಳನ್ನು ಕಿತ್ತುಹಾಕಿದಾಗ ನೋಟು ಎರಚುವುದರ ನಿಷೇಧವನ್ನು ಮಾತ್ರ ಉಳಿಸಿತು, ಟಿಪ್ಸು ಕೈಗೆ ಕೊಡಬಹುದು ಎಂದಿತು. ಇದನ್ನು ಹೇಳಿದೆ. ಮಾವನಿಗೆ ಬಹಳ ಸಂತೋಷವಾಯಿತು. ಯಾವ ಜಡ್ಜು, ನಮ್ಮ ಕಡೆಯವರಾ ಎಂದು ಕೇಳಿದರು.

ಆ ಹೆಂಗಸರಿಗೆಲ್ಲ ಸಿನೆಮಾ ನಾಯಕಿಯರ ಹೆಸರಿತ್ತು. ನಿಜವಾದ ಹೆಸರು ಗೊತ್ತಿದ್ದದ್ದು ಮಾವನಿಗೆ ಮಾತ್ರ, ಯಾಕೆಂದರೆ ಅವರ ಎಂ.ಒ. ಫಾರಂ ತುಂಬುತ್ತಿದ್ದದ್ದು ಅವರು. ತಿಂಗಳ ಮೊದಲ ವಾರ ಬಾರು ಮುಚ್ಚಿದ ಮೇಲೆ ನಾಲ್ಕೈದು ಫಾರಂ ಬರೆದು, ಅದರ ಜೊತೆಗೇ ನಮ್ಮ ಅಜ್ಜಿಗೆ ಕಳಿಸುವ ಫಾರಮ್ಮನ್ನೂ ಬರೆಯುತ್ತಿದ್ದರು. ಕೆಳಗೆ ನಾಲ್ಕು ಸಾಲು ಸುದ್ದಿಗೆ ಜಾಗವಿರುತ್ತಿತ್ತಲ್ಲ, ಅಲ್ಲಿ ಎಲ್ಲರದ್ದೂ ಒಂದೇ ಒಕ್ಕಣೆ: ಹೋಟೆಲಿನಲ್ಲಿ ಕೆಲಸ, ಆರೋಗ್ಯ, ಚಿಂತೆ ಬೇಡ. ಅವರದ್ದು ಹಿಂದಿಯಲ್ಲಿ, ನಮ್ಮದು ಕನ್ನಡದಲ್ಲಿ.

ಇಷ್ಟು ಹೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ಒಂದ್ ಲೆಕ್ಕ ಮಾತ್ರ ನಾ ಸುಳ್ಳ್ ಬರ್ದಿದ್ದೆ" ಎಂದರು. ರಿಜಿಸ್ಟರಿನಲ್ಲಿ ವಯಸ್ಸು ಬರೆಯಬೇಕಿತ್ತಂತೆ. ಒಬ್ಬಳನ್ನು ಕರೆತಂದವನು ಹತ್ತೊಂಬತ್ತು ಎಂದ. ಹದಿನಾರೂ ತುಂಬಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಆಗ ನಾನಿದ್ದೆ, ಅವಳಿಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವಳು, ಫೀಸು ಕಟ್ಟುವ ತಿಂಗಳು. ಮಾವ ಹತ್ತೊಂಬತ್ತು ಎಂದು ಬರೆದರು. ಅವಳು ಮೈತುಂಬ ಬಟ್ಟೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದಳಂತೆ, ಕುಣಿಯಲು ಬರುತ್ತಿರಲಿಲ್ಲ. ಯಾವ ಪೊಲೀಸನು ಬಂದಿದ್ದರೂ ಅಲ್ಲಿ ಅಶ್ಲೀಲವೇನೂ ಕಾಣುತ್ತಿರಲಿಲ್ಲ.

ಅವಳ ಹೆಸರೇನು ಎಂದು ಕೇಳಿದೆ. ಮಾವ ಸಿನೆಮಾದ ಹೆಸರು ಹೇಳಲಿಲ್ಲ, ಫಾರಮ್ಮಿನಲ್ಲಿ ಬರೆದ ಹೆಸರನ್ನೇ ಹೇಳಿದರು. ಊರು, ಜಿಲ್ಲೆ, ಪಿನ್ ಕೋಡ್ ಸಮೇತ. ಅದನ್ನು ನಾನಿಲ್ಲಿ ಬರೆಯುವುದಿಲ್ಲ.